ಟರ್ಕಿಯಲ್ಲಿ ಸಸ್ಯಾಹಾರಿಯ ಊಟ: ನನ್ನ ಅನುಭವ

ಮೊಟ್ಟೆಯನ್ನೂ ತಿನ್ನದ ನಾನು ಟರ್ಕಿಯಲ್ಲಿ ಹೊಟ್ಟೆ ತುಂಬಾ ಉಂಡಿದ್ದು ಲೋಕಾಂತಾಗಳಲ್ಲಿ. ಅಂಗಡಿಯವರು, ಆಫೀಸಿನವರು ಮಧ್ಯಾಹ್ನ ಊಟಕ್ಕೆ ಬರುವ ಸಾದಾ ಹೋಟೆಲ್‌ಗಳಿವು. ಮಾಡಿಟ್ಟ ಅಡುಗೆಯೆಲ್ಲ ಗಾಜಿನ ಹಿಂದೆ ದೊಡ್ಡ ಟ್ರೇಗಳಲ್ಲಿರುತ್ತದೆ. ಮೆನು ಓದುವ ಕಷ್ಟವೇ ಇಲ್ಲ. ಬೆರಳು ತೋರಿಸಿ, ತಟ್ಟೆಗೆ ಹಾಕಿಸಿಕೊಂಡು ಕೂತರಾಯಿತು. ಮೊದಲ ಸಲ ಹೋಗುವ ಸಸ್ಯಾಹಾರಿಗಳು ಬ್ಯಾಗಿನ ತುಂಬಾ ಎಂಟಿಆರ್ ಪ್ಯಾಕೆಟ್ ಹೊತ್ತೊಯ್ಯುವ ಅಗತ್ಯವಿಲ್ಲ.

ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಸುತ್ತಮುತ್ತ ಪ್ರವಾಸಿಗರಿಗೆಂದೇ ಇರುವ ಹೋಟೆಲ್ ಜಾಸ್ತಿ, ರೇಟೂ ಜಾಸ್ತಿ. ನಾನು ಎಮಿನೊನುವಿನಲ್ಲಿ ಫೆರಿ ಹತ್ತಿ ಕಡಿಕೊಯ್‌ಗೆ ಹೋಗಿ ಊಟ ಮಾಡುತ್ತಿದ್ದೆ. ಬಸ್ಸು, ಫೆರಿಗೆಲ್ಲ ಬಳಸುವ ಇಸ್ತಾಂಬುಲ್‌ಕಾರ್ಟ್‌ನಲ್ಲಿ ದುಡ್ಡಿದ್ದರೆ ಸಾಕು, ಅರ್ಧ ಗಂಟೆಯೊಳಗೆ ಯುರೋಪಿನಿಂದ ಏಷ್ಯಾಕ್ಕೆ ದಾಟಬಹುದು. ಶುಕ್ರವಾರ ಮಧ್ಯಾಹ್ನ ಇದಕ್ಕೆ ಒಳ್ಳೆ ಹೊತ್ತು. ಸುಲ್ತಾನಹ್ಮೆತ್‌ನ ಆಯಾ ಸೋಫಿಯಾ, ನೀಲಿ ಮಸೀದಿ ಎರಡರಲ್ಲೂ ಜುಮ್ಮಾ ನಮಾಜಿನ ಸಮಯಕ್ಕೆ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ.

ಲೋಕಾಂತಾದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು 'ಝೇತಿನ್‌ಯಾಲಿ'. ಆಲಿವ್ ಎಣ್ಣೆಯಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಬಡಿಸುವ ತರಕಾರಿ ಅಡುಗೆಗಳು ಇವು. ಬೀನ್ಸ್, ಆರ್ಟಿಚೋಕ್, ಅನ್ನ-ಒಣದ್ರಾಕ್ಷಿ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ಹೀಗೆ. ಇವಕ್ಕೆ ಸಾಮಾನ್ಯವಾಗಿ ಮಾಂಸ ಹಾಕುವುದಿಲ್ಲ. ಎಚ್ಚರ ಬೇಕಾದ್ದು ಬಿಸಿ ಅಡುಗೆಯ ಕಡೆ.

ಒಂದು ಕಡೆ ಎರಡು ಟ್ರೇ ಅಕ್ಕಪಕ್ಕ ಇದ್ದವು. ಎರಡರಲ್ಲೂ ಉದ್ದನೆಯ ಬದನೆಕಾಯಿ, ಹೊಟ್ಟೆ ಸೀಳಿ ಏನೋ ತುಂಬಿದ್ದಾರೆ, ಮೇಲೆ ಟೊಮ್ಯಾಟೊ, ಹಸಿಮೆಣಸಿನಕಾಯಿ. ಒಂದನ್ನು ತೋರಿಸಿ "ಎತ್ ವಾರ್ ಮಿ?" ಅಂದೆ, ಮಾಂಸ ಇದೆಯಾ ಅಂತ. ಬಡಿಸುವಾತ "ಎವೆತ್" ಎಂದು ತಲೆಯಾಡಿಸಿದ. ಅದು ಕಾರ್ನಿಯಾರಿಕ್, ಒಳಗೆ ಖೀಮಾ. ಇನ್ನೊಂದನ್ನು ತೋರಿಸಿದೆ. ಆತ ಹುಬ್ಬು ಹಾರಿಸಿ, ಗದ್ದ ಮೇಲೆತ್ತಿ, ನಾಲಿಗೆಯಲ್ಲಿ 'ಚ್' ಅಂದ. ಟರ್ಕಿಯಲ್ಲಿ 'ಇಲ್ಲ' ಅನ್ನುವ ರೀತಿ ಅದು, ಬೇಜಾರಾಗಿದ್ದಾನೆ ಅಂದುಕೊಳ್ಳಬೇಡಿ. ಆ ಎರಡನೆಯದೇ ಇಮಾಮ್ ಬಾಯಿಲ್ದಿ. ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ ತುಂಬಿ, ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಬದನೆಕಾಯಿ. ನಮ್ಮ ಎಣ್ಣೆಗಾಯಿಗೆ ದೂರದ ನೆಂಟ ಅನ್ನಬಹುದು, ಖಾರ ಮಾತ್ರ ಇಲ್ಲ. ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿಕೊಂಡು ತಿನ್ನಬೇಕು. ಆ ರುಚಿಗಾಗಿಯೇ ನಾನು ಮತ್ತೆ ಮತ್ತೆ ಕಡಿಕೊಯ್‌ಗೆ ಹೋದೆ.

ಸೂಪಿಗೆ, ಅನ್ನಕ್ಕೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಮಸೂರ ಬೇಳೆಯ ಮೆರ್ಜಿಮೆಕ್ ಸೂಪ್ ಎಲ್ಲ ಕಡೆ ಸಿಗುತ್ತದೆ, ನಿಂಬೆ ಹಿಂಡಿಕೊಂಡರೆ ಬಹಳ ಹಿತ. ಆದರೆ ಕೆಲವರು ಅದಕ್ಕೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. ಪಿಲಾವ್‌ಗೆ ಕೋಳಿ ಬೇಯಿಸಿದ ನೀರು ಹಾಕುವುದಂತೂ ಮಾಮೂಲು. ತುಂಡು ಕಾಣದಿದ್ದರೆ 'ಮಾಂಸ ಇಲ್ಲ' ಅಂತಲೇ ಉತ್ತರ ಬರಬಹುದು. ಅದಕ್ಕೇ 'ಎತ್ ಸುಯು' (ಮಾಂಸದ ನೀರು), 'ತಾವುಕ್ ಸುಯು' (ಕೋಳಿಯ ನೀರು) ಎರಡನ್ನೂ ಹೆಸರು ಹಿಡಿದು ಕೇಳುತ್ತಿದ್ದೆ. ಯಾರೂ ಮುಖ ಸಿಂಡರಿಸಲಿಲ್ಲ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿಕೊಂಡು ಬಂದರು.

ಉಂಡು ಏಳುವಾಗ "ಎಲಿನಿಝೆ ಸಾಲಿಕ್" ಅನ್ನಿ. ನಿಮ್ಮ ಕೈಗೆ ಒಳ್ಳೆಯದಾಗಲಿ ಎಂದು ಅಡುಗೆ ಮಾಡಿದವರಿಗೆ ಹೇಳುವ ಮಾತು. ಅವರಿಗೆ ಆಗುವ ಖುಷಿ ಮುಖದಲ್ಲೇ ಕಾಣುತ್ತದೆ. ಎಷ್ಟೋ ಕಡೆ ಹಿಂದೆಯೇ ಸಣ್ಣ ಗಾಜಿನ ಲೋಟದಲ್ಲಿ ಚಹಾ ಬಂತು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹಾಲು ಹಾಕುವುದಿಲ್ಲ. ಸ್ಟ್ರಾಂಗ್ ಬೇಡವಾದರೆ 'ಆಚಿಕ್' ಅನ್ನಬೇಕು.

ಖಾರ ಬೇಕೆನಿಸಿದಾಗ ಚೀ ಕೊಫ್ತೆ ಅಂಗಡಿಗೆ ಹೋಗಿ. ಮೂಲದಲ್ಲಿ ಅದು ಹಸಿ ಮಾಂಸದ ತಿಂಡಿ. ಹಾಗೆ ಮಾರಲು ಈಗ ಕಾನೂನು ಬಿಡುವುದಿಲ್ಲ. ಹಾಗಾಗಿ ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚಿಗೆ ಮೆಣಸಿನಕಾಯಿ ಪೇಸ್ಟು, ಉರ್ಫಾ ಕಡೆಯ ಕಡುಬಣ್ಣದ ಇಸೋತ್ ಖಾರದಪುಡಿ ಹಾಕಿ ಚೆನ್ನಾಗಿ ನಾದಿದ್ದು. ತೆಳು ರೊಟ್ಟಿಯಲ್ಲಿ ಸೊಪ್ಪು, ದಾಳಿಂಬೆ ಹುಳಿ ಸೇರಿಸಿ ಸುತ್ತಿ ಕೊಡುತ್ತಾರೆ. ಕಪ್ಪದೋಕ್ಯಾಗೆ ರಾತ್ರಿ ಬಸ್ ಹತ್ತುವ ಮುಂಚೆ ಅದನ್ನೇ ಕಟ್ಟಿಸಿಕೊಂಡೆ. ಚಹಾ, ಬಿಸ್ಕತ್ತು ಬಸ್ಸಿನವರೇ ಕೊಟ್ಟರು. ನಮ್ಮಂತೆ ಸ್ಲೀಪರ್ ಕೋಚ್ ಅಲ್ಲಿಲ್ಲ, ರಾತ್ರಿಯಿಡೀ ಸೀಟಿನಲ್ಲೇ. ಕುತ್ತಿಗೆಗೆ ಒಂದು ದಿಂಬು ಇಟ್ಟುಕೊಳ್ಳಿ.