ರತ್ನಗಂಧಿ ತುಂಬಾ ಹೂ ಬಿಡಬೇಕೇ? ಕತ್ತರಿ ಹಿಡಿಯಿರಿ

ರತ್ನಗಂಧಿಗೆ ಗೊಬ್ಬರಕ್ಕಿಂತ ಕತ್ತರಿ ಮುಖ್ಯ. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಹೂಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸದೆ ಬಿಟ್ಟರೆ ಬುಡ ಬೋಳಾಗಿ, ಹೂವೆಲ್ಲ ಕೈಗೆಟುಕದಷ್ಟು ಮೇಲೆ ಹೋಗುತ್ತದೆ.

ಮೊದಲು ಬೀಜದ ವಿಷಯ. ಚಪ್ಪಟೆಯಾದ ಕಂದು ಬೀಜ, ಸಿಪ್ಪೆ ಕಲ್ಲಿನ ಹಾಗೆ ಗಟ್ಟಿ. ಸುಮ್ನೆ ಮಣ್ಣಿಗೆ ಹಾಕಿದರೆ ನೀರು ಒಳಗೆ ಇಳಿಯುವುದೇ ಕಷ್ಟ. ನಾನು ನೇಲ್ ಕಟರ್‌ನಿಂದ ಅಂಚಿನಲ್ಲಿ ಒಂದು ಚೂರು ಸಿಪ್ಪೆ ತೆಗೆಯುತ್ತೇನೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ತುದಿಯನ್ನು ಮಾತ್ರ ಮುಟ್ಟಬೇಡಿ, ಬೇರು ಹೊರಡುವುದು ಅಲ್ಲಿಂದ. ಆಮೇಲೆ ರಾತ್ರಿಯಿಡೀ ನೆನೆಸಿ. ನೀರು ಕುಡಿದ ಬೀಜ ಬೆಳಗ್ಗೆ ಉಬ್ಬಿ ಮೆತ್ತಗಾಗಿರುತ್ತದೆ. ಉಬ್ಬದೇ ಇದ್ದದ್ದನ್ನು ಎಸೆಯಬೇಡಿ, ಇನ್ನೊಂಚೂರು ಕೆರೆದು ಮತ್ತೆ ನೆನೆಹಾಕಿ. ಉಬ್ಬಿದ್ದನ್ನು 1 ಸೆಂ.ಮೀ. ಆಳಕ್ಕೆ ಊರಿ. ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರಕ್ಕೆ ಮೊಳಕೆ ಬರುತ್ತದೆ.

ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗಕ್ಕೆ ಸಸಿ ನೆಡಿ. ಬೇರೂರಿದ ಮೇಲೆ ಬರ ತಡೆಯುತ್ತದೆ. ನೀರು ಜಾಸ್ತಿಯಾದರೇ ತೊಂದರೆ.

ಸಸಿ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ, ಪಕ್ಕದ ಕೊಂಬೆಗಳು ಹೊರಡುತ್ತವೆ. ದೊಡ್ಡ ಗಿಡವನ್ನು ಚಳಿಗಾಲ ಮುಗಿಯುವಾಗ ಮೂರರಲ್ಲಿ ಒಂದು ಪಾಲು ಉಳಿಯುವಂತೆ ಕತ್ತರಿಸಿ. ಹೆದರಬೇಡಿ, ಬೇಗ ಚಿಗುರುತ್ತದೆ. ದಪ್ಪ ಕೈಗವಸು ಮಾತ್ರ ಬೇಕೇ ಬೇಕು. ಎಲೆಗಳ ಮರೆಯಲ್ಲಿ ಮುಳ್ಳು ಕಾಣುವುದೇ ಇಲ್ಲ. ಕತ್ತರಿಸಿದ ಕಡ್ಡಿಗಳನ್ನೂ ನೆಲದಲ್ಲಿ ಬಿಡಬೇಡಿ.

ಗೊಂಚಲು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಕೆಂಪು ದಳಕ್ಕೆ ಹಳದಿ ಅಂಚು, ನಡುವಿನಿಂದ ಉದ್ದಕ್ಕೆ ಚಾಚಿದ ಹತ್ತು ಕೆಂಪು ಕೇಸರಗಳು. ಚಿಟ್ಟೆ ಕೂತು ಮಕರಂದ ಹೀರುವಾಗ ರೆಕ್ಕೆಗೇ ಪರಾಗ ಮೆತ್ತಿಕೊಳ್ಳುತ್ತದೆ. ಇದಕ್ಕೇ ಈ ಗಿಡ ಅಂದರೆ ನನಗೆ ಪ್ರಾಣ. ತುದಿಯ ಮೊಗ್ಗೂ ಅರಳಿ ಉದುರಿದ ಮೇಲೆ ಕಾಯಿ ಬಲಿಯಲು ಬಿಡದೆ ಗೊಂಚಲನ್ನು ತೆಗೆಯಿರಿ, ಮತ್ತೆ ಹೂ ಬರುತ್ತದೆ.

ಬೀಜಕ್ಕೆಂದು ನಾಲ್ಕು ಕಾಯಿ ಉಳಿಸಿಕೊಳ್ಳಿ. ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕೀಳಿ. ತಡವಾದರೆ ಎರಡು ಹೋಳೂ ತಿರುಚಿಕೊಂಡು ಪಟ್ಟನೆ ಸಿಡಿಯುತ್ತವೆ, ಬೀಜ ದೂರ ಹಾರುತ್ತದೆ. ಈ ಬೀಜ ವಿಷ. ದಕ್ಷಿಣ ಅಮೆರಿಕದ ಸುರಿನಾಮ್‌ನ ಗುಲಾಮ ಹೆಂಗಸರು ತಮ್ಮ ಮಕ್ಕಳು ಗುಲಾಮರಾಗಬಾರದೆಂದು ಗರ್ಭ ಇಳಿಸಿಕೊಳ್ಳಲು ಇದನ್ನು ಬಳಸುತ್ತಿದ್ದರೆಂದು ಗಿಡ-ಕೀಟಗಳ ಚಿತ್ರ ಬರೆಯುತ್ತಿದ್ದ ಮರಿಯಾ ಸಿಬಿಲ್ಲಾ ಮೇರಿಯನ್ 1705ರಲ್ಲೇ ಬರೆದಿದ್ದಾರೆ. ಒಣಗಿಸಿದ ಬೀಜವನ್ನು ಹೆಸರು ಬರೆದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.