ಕಾರ್ಪೊರೇಟರ್ ಮೇಲೆ ದೂರು ಕೊಡೋದು ಹೇಗೆ, ನಾವು ಮಾಡಿದ್ದು

ನಮ್ಮ ವಾರ್ಡಲ್ಲಿ ಆರ್‌ಟಿಐ ಅರ್ಜಿ ಬರ್ಕೊಡೋ ಕೆಲ್ಸ ಬಹಳ ವರ್ಷದಿಂದ ಮಾಡ್ತಿದೀನಿ, ಹಾಗಾಗಿ ಕಾರ್ಪೊರೇಟರ್ ಮೇಲೆ ಸಿಟ್ಟಿರೋರು ಮೊದ್ಲು ನನ್ನ ಹತ್ರಾನೇ ಬರ್ತಾರೆ. ಫೋನ್ ಎತ್ತಲ್ಲ, ಏಕವಚನದಲ್ಲಿ ಮಾತಾಡ್ತಾರೆ, ಗೆದ್ದ ಮೇಲೆ ಮುಖಾನೇ ತೋರ್ಸಿಲ್ಲ ಅಂತಾರೆ. ಸಿಟ್ಟು ನ್ಯಾಯವಾದದ್ದೇ, ಆದ್ರೆ ಅಷ್ಟರ ಮೇಲೆ ಯಾರ ಸದಸ್ಯತ್ವಾನೂ ಹೋಗಲ್ಲ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರಲ್ಲಿ ನಾವು ಗಟ್ಟಿಯಾಗಿ ಹಿಡ್ಕೋಬಹುದಾದ್ದು ಸೆಕ್ಷನ್ 26, ಅಂದ್ರೆ ಪಾಲಿಕೆ ಕಾಮಗಾರಿಲೋ ಗುತ್ತಿಗೆಲೋ ಸದಸ್ಯರಿಗೆ ನೇರವಾಗಿ ಇಲ್ಲಾ ಪರೋಕ್ಷವಾಗಿ ಪಾಲಿದ್ರೆ ಅನರ್ಹರಾಗ್ತಾರೆ. ಸೆಕ್ಷನ್ 19ರ ಪ್ರಕಾರ ಪ್ರತಿ ವರ್ಷ ಆಸ್ತಿ ವಿವರ ಮೇಯರ್‌ಗೆ ಕೊಡ್ಬೇಕು, ಇದನ್ನಂತೂ ಯಾರೂ ಕೇಳೋದೇ ಇಲ್ಲ, ಕೇಳ್ಬೇಕು.

ನಮ್ಮ ಕೇಸ್ ಒಂದು ಚರಂಡಿ ಕಾಮಗಾರಿದು. ಕೆಲ್ಸ ತಗೊಂಡ ಫರ್ಮ್ ಕಾರ್ಪೊರೇಟರ್ ಮನೆಯೋರದ್ದೇ ಅಂತ ಬೀದಿಗೆಲ್ಲಾ ಗೊತ್ತಿತ್ತು, ಕಾಗದದಲ್ಲಿ ಏನೂ ಇರ್ಲಿಲ್ಲ. ಟೆಂಡರ್ ಕಡತ, ಕಾರ್ಯಾದೇಶ, ಎಂ.ಬಿ. ಪುಸ್ತಕದ (ಎಷ್ಟು ಕೆಲ್ಸ ಆಗಿದೆ ಅಂತ ಅಳತೆ ಬರ್ದಿಡೋ ಪುಸ್ತಕ) ಪ್ರತಿ, ಬಿಲ್ ಪಾವತಿ, ಸ್ಥಾಯಿ ಸಮಿತಿ ನಡಾವಳಿ, ಇಷ್ಟಕ್ಕೂ ಬೇರೆ ಬೇರೆ ಆರ್‌ಟಿಐ ಹಾಕ್ದೆ, ಯಾಕಂದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ, ಎಲ್ಲಾ ಒಂದ್ರಲ್ಲೇ ತುಂಬಿದ್ರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ಬಿಲ್ ಮಾಹಿತಿ ಮೂರನೇ ವ್ಯಕ್ತಿದು, ಕೊಡಕ್ಕಾಗಲ್ಲ ಅಂತ ಉತ್ತರ ಬಂತು. ಆರ್‌ಟಿಐ ಕಾಯ್ದೆಯ ಸೆಕ್ಷನ್ 11 ಹೇಳೋದು ಆ ಮೂರನೇ ವ್ಯಕ್ತಿಗೆ ನೋಟಿಸ್ ಕೊಟ್ಟು ಅವ್ರ ಮಾತೂ ಕೇಳಿ ಅಂತ ಅಷ್ಟೇ, ಅವ್ರು ಬೇಡ ಅಂದ್ರೆ ಮುಗೀತು ಅಂತಲ್ಲ. ಇದನ್ನೇ ಬರ್ದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿದ್ದಕ್ಕೆ ಸಿಕ್ತು.

ನಮ್ಮನ್ನ ಕಾಪಾಡಿದ್ದು ಮಾತ್ರ ಕಾರ್ಪೊರೇಟರ್ ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್. ಹೆಂಡ್ತಿ ಆಸ್ತಿ ಕಾಲಂನಲ್ಲಿ ಅದೇ ಫರ್ಮಿನ ಬಂಡವಾಳ ಇತ್ತು, ಸಾಲದ ಕಾಲಂನಲ್ಲಿ ಆ ಫರ್ಮಿನ ಸಾಲಕ್ಕೆ ತಾನೇ ಜಾಮೀನು ಅಂತಾನೂ ಇತ್ತು, ಕೆಳಗೆ ಅವ್ರದ್ದೇ ಸಹಿ. ಕಾರ್ಯಾದೇಶ ಆಗಿದ್ದು ಅವ್ರು ಪ್ರಮಾಣವಚನ ತಗೊಂಡ ಮೇಲೆ, ಟೆಂಡರ್ ಒಪ್ಪಿದ ಸಭೇಲೂ ಅವ್ರ ಹಾಜರಿ ಇದೆ.

ಬೀದಿಯೋರು ದೂರಿಗೆ ಎಲ್ರೂ ಸಹಿ ಹಾಕೋಣ ಅಂದ್ರು, ನಾನು ಬೇಡ ಅಂದೆ. ಸಹಿ ಹಾಕಿದ ಒಬ್ಬೊಬ್ರ ಮನೆಗೂ ಜನ ಹೋಗ್ತಾರೆ, ನಾಲ್ಕು ಜನ ಹೆದ್ರಿ ಹಿಂದೆ ಸರಿದ್ರೆ ದೂರೇ ಸುಳ್ಳು ಅಂತ ವಾದ ಮಾಡ್ತಾರೆ. ಒಬ್ಬ ತಾಯಿ ಬಂದು "ಅಣ್ಣಾ, ನಮ್ ನಲ್ಲಿ ಕನೆಕ್ಷನ್ ತೆಗೆಸ್ಬಿಟ್ರೆ ಏನ್ ಮಾಡ್ಲಿ" ಅಂತ ಕೇಳಿದ್ರು, ಅವ್ರನ್ನ ಇದಕ್ಕೆ ಎಳೆಯೋ ಹಕ್ಕು ನನಗಿಲ್ಲ. ನನ್ನೊಬ್ಬನ ಹೆಸ್ರಲ್ಲೇ ಅನರ್ಹತೆ ದೂರನ್ನ ಪ್ರಾದೇಶಿಕ ಆಯುಕ್ತರಿಗೆ, ಅಂದ್ರೆ ನಮ್ಮ ವಿಭಾಗದ ಹಿರಿಯ ಸರ್ಕಾರಿ ಅಧಿಕಾರಿಗೆ ಕೊಟ್ಟೆ. ಭ್ರಷ್ಟ, ಲೂಟಿ ಅನ್ನೋ ಪದ ಒಂದೂ ಬರೀಲಿಲ್ಲ, ಯಾವ ದಿನ ಏನಾಯ್ತು, ಅದಕ್ಕೆ ಯಾವ ದಾಖಲೆ, ಎಷ್ಟನೇ ಪುಟ, ಅಷ್ಟೇ. ಕಾಮಗಾರಿಲಿ ದುಡ್ಡು ಹೊಡ್ದಿದಾರೆ ಅನ್ನೋದಿದ್ರೆ ಅದು ಲೋಕಾಯುಕ್ತಕ್ಕೆ, ನಿಗದಿತ ಫಾರಂ ಜೊತೆ ಪ್ರಮಾಣಪತ್ರ ಇಟ್ಟು, ಘಟನೆ ಆಗಿ 5 ವರ್ಷದೊಳಗೆ ಕೊಡ್ಬೇಕು. ಎರಡನ್ನೂ ಒಂದೇ ಅರ್ಜಿಲಿ ಕಲಸ್ಬೇಡಿ.

ವಿಚಾರಣೆಲಿ ಅವ್ರ ವಕೀಲ್ರು ಹೆಂಡ್ತಿ ವ್ಯವಹಾರಾನೇ ಬೇರೆ ಅಂದ್ರು. ನಾನು ಜಾಮೀನಿನ ಸಾಲು ಇರೋ ಪುಟ ತೆಗ್ದು ಮುಂದಿಟ್ಟೆ. ಆದೇಶ ನಮ್ಮ ಪರ ಆಯ್ತು, ಅವ್ರು ಹೈಕೋರ್ಟಿಗೆ ಹೋಗಿ ಸ್ಟೇ ತಂದಿದಾರೆ, ಈಗ್ಲೂ ಸಭೇಲಿ ಕೂರ್ತಾರೆ. ನಾನು ಈ ವರ್ಷದ ಆಸ್ತಿ ವಿವರಕ್ಕೆ ಅರ್ಜಿ ಹಾಕಿದೀನಿ, ಅವ್ರದ್ದೊಂದೇ ಅಲ್ಲ, ಎಲ್ಲಾ ಸದಸ್ಯರದ್ದೂ.