ಫೋರ್ಕ್ ಉದ್ದ ಮಾಡಿದರೆ ಸ್ಟೆಮ್ಮಿಗೂ ಕೈ ಹಾಕಲೇಬೇಕು

ಮೌಂಟನ್ ಬೈಕ್ ಸುಧಾರಿಸಲು ಹೊರಟವರು ಮೊದಲು ದುಡ್ಡು ಹಾಕುವುದು ಫೋರ್ಕಿಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್ ಕವಲಿಗೆ. 100 ಎಂಎಂ ಟ್ರಾವೆಲ್ (ಕುಸಿಯುವ ದೂರ) ಇರುವುದನ್ನು ತೆಗೆಸಿ 120 ಎಂಎಂನದು ಹಾಕಿಸುತ್ತಾರೆ. ಇಳಿಜಾರು ಸಲೀಸಾಗುತ್ತದೆ, ಏರಿನಲ್ಲಿ ಮಾತ್ರ ಮುಂದಿನ ಚಕ್ರ ಅತ್ತಿತ್ತ ಅಲೆಯತೊಡಗುತ್ತದೆ. ಆಮೇಲೆ ಯಾರೋ ಹೇಳಿದರೆಂದು 35 ಎಂಎಂನ ಚಿಕ್ಕ ಸ್ಟೆಮ್ (ಹ್ಯಾಂಡಲ್‌ಬಾರನ್ನು ಫೋರ್ಕಿಗೆ ಜೋಡಿಸುವ ತುಂಡು) ಹಾಕುತ್ತಾರೆ, ಅಲೆದಾಟ ಇನ್ನೂ ಹೆಚ್ಚುತ್ತದೆ. ಫೋರ್ಕ್ ಮತ್ತು ಸ್ಟೆಮ್ ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಬದಲಾಯಿಸಿದ್ದು 29 ಇಂಚಿನ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೈಕ್. ಹೆಡ್ ಆ್ಯಂಗಲ್ (ಸ್ಟೀಯರಿಂಗ್ ಕೊಳವೆ ನೆಲದೊಂದಿಗೆ ಮಾಡುವ ಕೋನ) 70 ಡಿಗ್ರಿ, ಫೋರ್ಕ್ 100 ಎಂಎಂ, ಆಫ್‌ಸೆಟ್ (ಸ್ಟೀಯರಿಂಗ್ ರೇಖೆಯಿಂದ ಆ್ಯಕ್ಸಲ್ ಮುಂದಿರುವ ದೂರ) 46 ಎಂಎಂ, ಸ್ಟೆಮ್ 90 ಎಂಎಂ, ಹ್ಯಾಂಡಲ್‌ಬಾರ್ 680 ಎಂಎಂ. ಹಳೆಯ ಹಾರ್ಡ್‌ಟೇಲ್‌ಗಳಲ್ಲಿ ಹೆಚ್ಚೂಕಡಿಮೆ ಇದೇ ಅಳತೆ ಸಿಗುತ್ತದೆ. ಓಡಿಸುವುದು ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲೆ, ಅವಲಹಳ್ಳಿಯ ಸಡಿಲ ಜಲ್ಲಿಯ ತಿರುವುಗಳಲ್ಲಿ. ಇಳಿಯುವಾಗ ಧೈರ್ಯ ಬರಬೇಕು, ಹತ್ತುವ ಗುಣ ಹೋಗಬಾರದು.

ಮೊದಲು ಫೋರ್ಕಿನ ಲೆಕ್ಕ. ಟ್ರಾವೆಲ್ 20 ಎಂಎಂ ಹೆಚ್ಚಾದರೆ ಆ್ಯಕ್ಸಲ್‌ನಿಂದ ಫೋರ್ಕಿನ ಮೇಲ್ಭಾಗದ ಕ್ರೌನ್‌ವರೆಗಿನ ಎತ್ತರವೂ ಸುಮಾರು ಅಷ್ಟೇ ಹೆಚ್ಚುತ್ತದೆ. ಇಡೀ ಫ್ರೇಮ್ ಹಿಂದಿನ ಆ್ಯಕ್ಸಲ್ ಸುತ್ತ ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಹೆಡ್ ಆ್ಯಂಗಲ್ 69 ಆಗುತ್ತದೆ, ಸೀಟ್ ಟ್ಯೂಬ್ ಕೂಡ ಅಷ್ಟೇ ಮಲಗುತ್ತದೆ. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಕೇಂದ್ರ) 7 ಎಂಎಂ ಮೇಲೇರುತ್ತದೆ, ರೀಚ್ (ಅಲ್ಲಿಂದ ಹೆಡ್ ಟ್ಯೂಬ್ ತುದಿಗೆ ಅಡ್ಡ ಅಂತರ) 10–11 ಎಂಎಂ ಕಡಿಮೆಯಾಗುತ್ತದೆ, ಸ್ಟ್ಯಾಕ್ (ಅದೇ ತುದಿಗೆ ಇರುವ ಎತ್ತರ) 7 ಎಂಎಂ ಹೆಚ್ಚುತ್ತದೆ. ಸೀಟು 12 ಎಂಎಂ ಹಿಂದೆ ಹೋಗುತ್ತದೆ. ಹ್ಯಾಂಡಲ್ ಮತ್ತು ಸೀಟು ಎರಡೂ ಒಟ್ಟಿಗೇ ಹಿಂದೆ ಸರಿಯುವುದರಿಂದ ಕೂತಾಗ ಕೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಮೈಭಾರ ಮುಂದಿನ ಚಕ್ರದಿಂದ ಸದ್ದಿಲ್ಲದೆ ಹಿಂದಕ್ಕೆ ಸರಿದಿರುತ್ತದೆ. ಏರಿನಲ್ಲಿ ಅಲೆಯುವುದಕ್ಕೆ ಒಂದು ಕಾರಣ ಇದು.

ಇನ್ನೊಂದು ಕಾರಣ ಟ್ರೇಲ್. ಸ್ಟೀಯರಿಂಗ್ ಆ್ಯಕ್ಸಿಸ್ ನೆಲ ಮುಟ್ಟುವ ಬಿಂದುವಿಗೂ ಟೈರ್ ನೆಲ ಮುಟ್ಟುವ ಬಿಂದುವಿಗೂ ಇರುವ ಅಂತರ ಇದು. 70 ಡಿಗ್ರಿ, 46 ಆಫ್‌ಸೆಟ್‌ನಲ್ಲಿ ಸುಮಾರು 86 ಎಂಎಂ ಇತ್ತು. 69 ಡಿಗ್ರಿಗೆ 44 ಆಫ್‌ಸೆಟ್ ಫೋರ್ಕ್ ಹಾಕಿದರೆ 95 ಆಗುತ್ತದೆ, 51 ಆಫ್‌ಸೆಟ್ ಹಾಕಿದರೆ 87ರಲ್ಲೇ ನಿಲ್ಲುತ್ತದೆ. ಟ್ರೇಲ್ ಹೆಚ್ಚಿದಷ್ಟೂ ವೇಗದಲ್ಲಿ ಬೈಕ್ ನೇರ ಹಿಡಿಯುತ್ತದೆ, ನಿಧಾನದಲ್ಲಿ ಚಕ್ರ ಪಕ್ಕಕ್ಕೆ ಬೀಳಲು ನೋಡುತ್ತದೆ. ಬಂಡೆಗಳ ಸಂದಿಯಲ್ಲಿ ನಡಿಗೆಯ ವೇಗದಲ್ಲಿ ತಿರುಗಿಸಬೇಕಾದ ಜಾಗಗಳೇ ಹೆಚ್ಚಿದ್ದರಿಂದ 51 ಆರಿಸಿದೆ. ಉದ್ದ, ವೇಗದ ಇಳಿಜಾರೇ ಮುಖ್ಯ ಎನ್ನುವವರಿಗೆ 44 ಸರಿ. ಕೊಳ್ಳುವಾಗ ಟ್ರಾವೆಲ್ ಮಾತ್ರ ಕೇಳಿ ಆಫ್‌ಸೆಟ್ ಕೇಳದೆ ಬರುವವರೇ ಬಹಳ. ದಯವಿಟ್ಟು ಕೇಳಿ.

ಸ್ಟೆಮ್ ಟ್ರೇಲನ್ನು ಒಂದು ಎಂಎಂ ಕೂಡ ಬದಲಿಸುವುದಿಲ್ಲ. ಅದು ಬದಲಿಸುವುದು ಕೈ ಇರುವ ಜಾಗವನ್ನು, ಅದರ ಮೂಲಕ ಮುಂದಿನ ಚಕ್ರದ ಮೇಲಿನ ಭಾರವನ್ನು. ಉದ್ದ ಸ್ಟೆಮ್‌ನಲ್ಲಿ ಕೈ ದೊಡ್ಡ ಕಮಾನಿನಲ್ಲಿ ಚಲಿಸುತ್ತದೆ, ಆದ್ದರಿಂದ ತಿರುವು ನಿಧಾನ ಅನ್ನಿಸುತ್ತದೆ. ಚಿಕ್ಕದರಲ್ಲಿ ಚುರುಕು. 680ರ ಬಾರಿಗೆ 50ರ ಸ್ಟೆಮ್ ಹಾಕಿದರೆ ಆ ಚುರುಕೇ ನಡುಕವಾಗುತ್ತದೆ, ಅದಕ್ಕೆ ಬಾರನ್ನೂ ಅಗಲಿಸಬೇಕು. 90ರ ಜಾಗಕ್ಕೆ 60 ಎಂಎಂ ಸ್ಟೆಮ್, 680ರ ಜಾಗಕ್ಕೆ 740ರ ಬಾರ್ ಹಾಕಿದೆ. ತೋಳು ಅಗಲವಾದಾಗ ಎದೆ ತಾನಾಗಿ ತಗ್ಗುತ್ತದೆ, ಸ್ಟೆಮ್ ಕಳೆದ ಭಾರದಲ್ಲಿ ಒಂದಿಷ್ಟು ಮುಂದಕ್ಕೆ ವಾಪಸ್ ಬರುತ್ತದೆ.

60ಕ್ಕೇ ನಿಂತದ್ದಕ್ಕೆ ಕಾರಣವಿದೆ. ಇಂದಿನ ಫ್ರೇಮ್‌ಗಳ ರೀಚ್ ಮಧ್ಯಮ ಅಳತೆಯಲ್ಲೇ 450 ಎಂಎಂ ಆಸುಪಾಸು, ಅವುಗಳಿಗೆ 35–50 ಹೊಂದುತ್ತದೆ. ಬೈಕ್ ತಯಾರಕ ಮೊಂಡ್ರೇಕರ್ ತನ್ನ ‘ಫಾರ್ವರ್ಡ್ ಜಿಯಾಮೆಟ್ರಿ’ ಬೈಕುಗಳಲ್ಲಿ 10 ಎಂಎಂ ಸ್ಟೆಮ್ ಕೊಟ್ಟಾಗ ಫ್ರೇಮಿನ ಮುಂಭಾಗವನ್ನು ಅಷ್ಟೇ ಉದ್ದ ಮಾಡಿತ್ತು. ನನ್ನ ಫ್ರೇಮಿನ ರೀಚ್ 425, ಹೊಸ ಫೋರ್ಕಿನಲ್ಲಿ 415. ಅದಕ್ಕೆ 35 ಹಾಕಿದರೆ ನಿಂತು ಪೆಡಲ್ ತುಳಿಯುವಾಗ ಮಂಡಿ ಬಾರಿಗೆ ತಾಗುವಷ್ಟು ಹತ್ತಿರ ಬರುತ್ತದೆ.

ಸ್ಟೆಮ್ ಚಿಕ್ಕದಾದರೆ ಬಾರ್ ಹಿಂದೆ ಬರುವುದಷ್ಟೇ ಅಲ್ಲ, ಕೆಳಗೂ ಇಳಿಯುತ್ತದೆ. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ +6 ಡಿಗ್ರಿ ಸ್ಟೆಮ್ ನೆಲಕ್ಕೆ ಹೋಲಿಸಿದರೆ 26–27 ಡಿಗ್ರಿ ಮೇಲ್ಮುಖವಾಗಿರುತ್ತದೆ. 30 ಎಂಎಂ ಕಡಿಮೆಯಾದಾಗ ಬಾರ್ 27 ಎಂಎಂ ಹಿಂದೆ, 13 ಎಂಎಂ ಕೆಳಗೆ ಬಂತು. ಫೋರ್ಕ್ ಏರಿಸಿದ 7 ಎಂಎಂ ಸ್ಟ್ಯಾಕ್ ಅದರಲ್ಲೇ ಕಳೆಯಿತು. ಸೀಟನ್ನು ರೈಲಿನ ಮೇಲೆ 12 ಎಂಎಂ ಮುಂದೆ ತಂದೆ. ಮೂತಿ 1 ಡಿಗ್ರಿ ಮೇಲೆದ್ದಿತ್ತು, ಅದನ್ನೂ ಮಟ್ಟ ಮಾಡಿದೆ. ಉದ್ದ ಫೋರ್ಕ್ ಹಾಕಿದವರು ಸೀಟು ಸರಿಪಡಿಸದಿದ್ದರೆ ಅರ್ಧ ಕೆಲಸ ಮಾಡಿದಂತೆ.

ಭಾರ ಎಲ್ಲಿದೆ ಎಂದು ನೋಡಲು ಮನೆಯ ತೂಕದ ಯಂತ್ರ ಸಾಕು. ಮುಂದಿನ ಚಕ್ರ ಯಂತ್ರದ ಮೇಲೆ, ಹಿಂದಿನದು ಅಷ್ಟೇ ಎತ್ತರದ ಹಲಗೆಯ ಮೇಲೆ. ಗೋಡೆಗೆ ಮೊಣಕೈ ತಾಗಿಸಿ ಓಡಿಸುವ ಭಂಗಿಯಲ್ಲೇ ಕೂರಬೇಕು, ಅಂಕಿ ಇನ್ನೊಬ್ಬರು ಓದಬೇಕು. ಬದಲಾವಣೆಗೆ ಮೊದಲೂ ಆಮೇಲೂ ಅಳೆದರೆ, ಮುಂದಿನ ಒಂದೆರಡು ಕೆಜಿ ಎಲ್ಲಿ ಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಜೋಡಣೆಯಲ್ಲಿ ಮೊದಲು ನೋಡಬೇಕಾದ್ದು ಹೆಡ್ ಟ್ಯೂಬ್. ಒಳಗೆ ಮೇಲೂ ಕೆಳಗೂ 34 ಎಂಎಂ ಇದ್ದರೆ ಟೇಪರ್ಡ್ ಸ್ಟೀರರ್ (ಫೋರ್ಕಿನ ಮೇಲಿನ, ಬುಡದಲ್ಲಿ ದಪ್ಪವಿರುವ ಕೊಳವೆ) ಕೂರುವುದಿಲ್ಲ. 44 ಇದ್ದರೆ ಕೆಳಗೆ ಹೊರಗಿನ ಕಪ್ ಹಾಕಿ ಕೂರಿಸಬಹುದು, ಆದರೆ ಆ ಕಪ್ಪಿನ ದಪ್ಪವೂ ಮುಂಭಾಗವನ್ನು ಎತ್ತುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಹಬ್ ಇನ್ನೊಂದು ತೊಡಕು: ಹಳೆಯ 9×100 (ಆ್ಯಕ್ಸಲ್ ದಪ್ಪ × ಹಬ್ ಅಗಲ, ಎಂಎಂನಲ್ಲಿ) ಕ್ವಿಕ್ ರಿಲೀಸ್ ಚಕ್ರ 15×110 ಬೂಸ್ಟ್ ಫೋರ್ಕಿಗೆ ಸೇರದು, ಹೊಸ ಹಬ್ಬಿನ ಖರ್ಚು ಬೀಳುತ್ತದೆ. ಫ್ರೇಮ್ ತಯಾರಕರು ಗರಿಷ್ಠ ಟ್ರಾವೆಲ್ ಹೇಳಿದ್ದರೆ ಅದನ್ನು ಮೀರಬೇಡಿ. ಉದ್ದ ಫೋರ್ಕ್ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರುವ ವೆಲ್ಡಿಗೆ ಹೆಚ್ಚು ಬಲ ಹಾಕುತ್ತದೆ.

ಸ್ಟೀರರನ್ನು ಮೊದಲ ಸಲಕ್ಕೆ ಉದ್ದವಾಗಿಯೇ ಕತ್ತರಿಸಿ. ಸ್ಟೆಮ್ಮಿನ ಎತ್ತರ ಹೊಂದಿಸುವ 20 ಎಂಎಂ ಸ್ಪೇಸರ್ ಉಂಗುರಗಳಿಗೆ ಜಾಗವಿರಲಿ, ತುದಿ ಮೇಲಿನ ಸ್ಪೇಸರಿಗಿಂತ 3 ಎಂಎಂ ಒಳಗಿರಲಿ. ಮೊದಲು ಟಾಪ್ ಕ್ಯಾಪ್ ಬಿಗಿಮಾಡಿ ಹೆಡ್‌ಸೆಟ್ಟಿನ (ಹೆಡ್ ಟ್ಯೂಬಿನ ಬೇರಿಂಗ್‌ಗಳ) ಆಟ, ಅಂದರೆ ಸಡಿಲ, ತೆಗೆಯಿರಿ, ಆಮೇಲೆ ಸ್ಟೆಮ್ಮಿನ ಪಕ್ಕದ ಬೋಲ್ಟ್‌ಗಳನ್ನು ಸ್ಟೆಮ್ ಮೇಲೆ ಬರೆದಿರುವ ಟಾರ್ಕಿಗೆ ಬಿಗಿಮಾಡಿ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್. ಪಕ್ಕದ ಬೋಲ್ಟ್ ಬಿಗಿಯಿರುವಾಗ ಟಾಪ್ ಕ್ಯಾಪ್ ಎಷ್ಟು ತಿರುಗಿಸಿದರೂ ಹೆಡ್‌ಸೆಟ್ ಆಟ ಹೋಗುವುದಿಲ್ಲ, ಸ್ಟೀರರ್ ಒಳಗಿನ ಸ್ಟಾರ್ ನಟ್ ಮಾತ್ರ ಮೇಲೆ ಕಿತ್ತು ಬರುತ್ತದೆ. ಮುಂದಿನ ಬ್ರೇಕ್ ಹಿಡಿದು, ಕೆಳಗಿನ ಕಪ್ಪಿನ ಮೇಲೆ ಬೆರಳಿಟ್ಟು ಬೈಕನ್ನು ಹಿಂದೆಮುಂದೆ ಅಲ್ಲಾಡಿಸಿ. ಟಕ್ ಎಂದು ಬೆರಳಿಗೆ ತಾಗಿದರೆ ಇನ್ನೂ ಸಡಿಲವಿದೆ. ಅಗಲ ಬಾರ್ ಹಾಕಿದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಳೆಯುತ್ತದೆಯೇ ನೋಡಿ.

ಸ್ಯಾಗ್ (ಮೈಭಾರಕ್ಕೇ ಫೋರ್ಕ್ ಕುಸಿಯುವ ಪ್ರಮಾಣ) 20 ಶೇಕಡಾ ಇಟ್ಟೆ, ಅಂದರೆ 24 ಎಂಎಂ. ಹಾರ್ಡ್‌ಟೇಲಿನಲ್ಲಿ ಹಿಂಭಾಗ ಇಳಿಯುವುದಿಲ್ಲ, ಆದ್ದರಿಂದ ಫೋರ್ಕ್ ಕುಸಿದಷ್ಟೂ ಹೆಡ್ ಆ್ಯಂಗಲ್ ಕಡಿದಾಗುತ್ತದೆ. ಬ್ರೇಕ್ ಹಿಡಿದು 90 ಎಂಎಂ ಕುಸಿದರೆ 69 ಡಿಗ್ರಿ 73ರ ಸುತ್ತ ಹೋಗುತ್ತದೆ. ಬಂಡೆಯಿಂದ ಇಳಿಯುವ ಕ್ಷಣದಲ್ಲೇ ಸ್ಟೀಯರಿಂಗ್ ಅತಿ ಚುರುಕಾಗುತ್ತದೆ. 30 ಶೇಕಡಾ ಸ್ಯಾಗ್ ಮೆತ್ತಗೆ ಅನ್ನಿಸಿದರೂ ಹಾರ್ಡ್‌ಟೇಲಿಗೆ ಬೇಡ ಅನ್ನುವುದು ಇದಕ್ಕೇ. ಕೊನೆಯಲ್ಲಿ ಧಡ್ ಎಂದು ತಾಗುತ್ತಿದ್ದರೆ ಗಾಳಿ ಏರಿಸುವ ಬದಲು ಏರ್ ಚೇಂಬರಿಗೆ ಒಂದು ವಾಲ್ಯೂಮ್ ಸ್ಪೇಸರ್ (ಗಾಳಿಯ ಜಾಗ ಕಡಿಮೆ ಮಾಡುವ ತುಂಡು) ಹಾಕಿ.

ಟೈರಿನ ಗಾಳಿಯನ್ನು ಗೇಜಿನಲ್ಲಿ ಅಳೆದು, ಒಂದೇ ದಾರಿಯಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಕಡಿದಾದ ಏರಿನಲ್ಲಿ ಇನ್ನೂ ಅಲೆದರೆ ಸ್ಟೆಮ್ ಕೆಳಗಿನ 5 ಎಂಎಂ ಸ್ಪೇಸರ್ ತೆಗೆದು ಮೇಲಿಡಿ. ಸಾಲದಿದ್ದರೆ ಸ್ಟೆಮ್ಮನ್ನು ತಲೆಕೆಳಗು ಮಾಡಿ, 60 ಎಂಎಂ, 6 ಡಿಗ್ರಿಯ ಸ್ಟೆಮ್‌ನಲ್ಲಿ ಬಾರ್ 12 ಎಂಎಂ ಇಳಿಯುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ 70ರ ಸ್ಟೆಮ್ ಕೊಳ್ಳಿ.